ಹನ್ನೊಂದು ದಿನದ ದಾರಿ, ನಲವತ್ತು ವರ್ಷದ ನಡಿಗೆ

ನಡುರಾತ್ರಿ. ಐಗುಪ್ತ ದೇಶದ ಗೋಷೆನ್ ಸೀಮೆಯಲ್ಲಿ ಇಸ್ರಾಯೇಲ್ಯರ ಮನೆಗಳಲ್ಲಿ ಅಂದು ಯಾರಿಗೂ ನಿದ್ರೆಯಿಲ್ಲ. ಬಾಗಿಲ ನಿಲುವುಗಳಿಗೂ ಮೇಲಿನ ಪಟ್ಟಿಗೂ ಕುರಿಮರಿಯ ರಕ್ತವನ್ನು ಹಚ್ಚಿದ್ದಾರೆ. ಒಳಗೆ ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ಮನೆಮಂದಿಯೆಲ್ಲ ಅವಸರದಿಂದ ಉಣ್ಣುತ್ತಿದ್ದಾರೆ. ಸುಟ್ಟ ಮಾಂಸ, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು—ಇಷ್ಟೇ ಆ ರಾತ್ರಿಯ ಊಟ. ಐಗುಪ್ತ್ಯರ ಮನೆಮನೆಯಿಂದಲೂ ಚೊಚ್ಚಲು ಮಕ್ಕಳನ್ನು ಕಳೆದುಕೊಂಡವರ ಗೋಳು ಏಳುತ್ತಿದೆ. ಬೆಳಕು ಹರಿಯುವ ಮೊದಲೇ ಅರಸನಾದ ಫರೋಹನ ಅಪ್ಪಣೆ ಬಂದಿತು: ಹೊರಟುಹೋಗಿರಿ. ನಾದಿದ ಹಿಟ್ಟು ಹುಳಿಯೇರುವವರೆಗೆ ಕಾಯುವ ವ್ಯವಧಾನವಿಲ್ಲ. ಅದನ್ನು ಪಾತ್ರೆಸಹಿತ ಬಟ್ಟೆಯಲ್ಲಿ ಕಟ್ಟಿ ಹೆಗಲ ಮೇಲಿಟ್ಟುಕೊಂಡು ಜನ ಹೊರಟರು. ತಲೆತಲಾಂತರದ ಜೀತ ಒಂದೇ ರಾತ್ರಿಯಲ್ಲಿ ಮುಗಿಯಿತು.

ಮುಗಿಯಿತೆ? ಆ ರಾತ್ರಿ ಹೊರಟ ಜನ ತಮಗೆ ವಾಗ್ದಾನವಾಗಿದ್ದ ಕಾನಾನ್ ನಾಡನ್ನು ಸೇರಲು ೪೦ ವರ್ಷ ಹಿಡಿಯಿತು. ದಾರಿ ಅಷ್ಟು ದೂರವಿತ್ತೆಂದಲ್ಲ. ಮೋಶೆಗೆ ದೇವದರ್ಶನವಾದ ಹೋರೇಬ್ ಬೆಟ್ಟದಿಂದ ಕಾನಾನಿನ ಅಂಚಿನ ಕಾದೇಶ್ ಬರ್ನೇಯಕ್ಕೆ ೧೧ ದಿನದ ಪ್ರಯಾಣವೆಂದು ಬೈಬಲಿನ ಧರ್ಮೋಪದೇಶಕಾಂಡವು ತನ್ನ ಮೊದಲ ಅಧ್ಯಾಯದಲ್ಲಿಯೇ ಹೇಳುತ್ತದೆ. ಹನ್ನೊಂದು ದಿನದ ದಾರಿಗೆ ನಲವತ್ತು ವರ್ಷ ಏಕೆ ಬೇಕಾಯಿತು? ಈ ಕಥೆಯಿಂದ ಕ್ರೈಸ್ತಧರ್ಮವು ಕಲಿತ ಪಾಠವೂ, ಕಲಿಯಲು ಮರೆತ ಪಾಠವೂ ಈ ಒಂದು ಪ್ರಶ್ನೆಯಲ್ಲಿ ಅಡಗಿವೆ.

ಒಂದು ಗ್ರಂಥ, ಮೂರು ಹೆಸರು

ಈ ವೃತ್ತಾಂತವಿರುವ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿ 'ಶೆಮೋತ್' ಎಂದು ಹೆಸರು, ಎಂದರೆ 'ಹೆಸರುಗಳು'. ಗ್ರೀಕರು ಅದನ್ನು 'ಎಕ್ಸೊಡೊಸ್' ಎಂದರು, ಎಂದರೆ 'ನಿರ್ಗಮನ'. ಕನ್ನಡ ಬೈಬಲಿನಲ್ಲಿ ಅದು 'ವಿಮೋಚನಕಾಂಡ'. ಅಲ್ಲಿಂದ ಮುಂದಿನ ಅಲೆದಾಟವನ್ನು ಹೇಳುವ ಗ್ರಂಥಕ್ಕೆ ಕನ್ನಡದಲ್ಲಿ 'ಅರಣ್ಯಕಾಂಡ'ವೆಂದೇ ಹೆಸರಿರುವುದರಿಂದ ರಾಮಾಯಣವನ್ನು ಬಲ್ಲ ಓದುಗನಿಗೆ ಒಡನೆಯೇ ವನವಾಸದ ನೆನಪು ಬರುವುದು ಸಹಜ.

ಮೂರು ಹೆಸರುಗಳಲ್ಲಿಯೂ ಅರ್ಥವುಂಟು. 'ಹೆಸರುಗಳು' ಎಂಬ ಈ ಗ್ರಂಥದಲ್ಲಿ ಫರೋಹನ ಸ್ವಂತ ಹೆಸರೇ ಇಲ್ಲ. ಫರೋಹನೆಂಬುದು ಪದವಿಯ ಹೆಸರು ಮಾತ್ರ. ಆದರೆ ಇಬ್ರಿಯರ ಗಂಡುಕೂಸುಗಳನ್ನು ಹುಟ್ಟಿದೊಡನೆ ಕೊಲ್ಲಬೇಕೆಂಬ ಅವನ ಆಜ್ಞೆಯನ್ನು ಮೀರಿ ನಡೆದ ಇಬ್ಬರು ಸೂಲಗಿತ್ತಿಯರಿಗೆ ಹೆಸರುಂಟು: ಶಿಪ್ರಾ ಮತ್ತು ಪೂಗಾ. ಅರಸನ ಹೆಸರನ್ನು ಮರೆತು ಸೂಲಗಿತ್ತಿಯರ ಹೆಸರನ್ನು ನೆನಪಿಟ್ಟುಕೊಂಡ ಗ್ರಂಥವಿದು.

ಆ ಅರಸನು ಕ್ರಿ.ಪೂ. ೧೨೭೯ರಿಂದ ೧೨೧೩ರವರೆಗೆ ಆಳಿದ ಎರಡನೆಯ ರಾಮ್ಸೇಸನೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ, ಒಪ್ಪದವರೂ ಇದ್ದಾರೆ. ಈ ನಿರ್ಗಮನದ ಪ್ರಸ್ತಾಪವು ಐಗುಪ್ತದ ಯಾವ ಶಾಸನದಲ್ಲಿಯೂ ದೊರೆತಿಲ್ಲ. ಬೈಬಲಿನ ಹೊರಗೆ ಇಸ್ರಾಯೇಲೆಂಬ ಹೆಸರನ್ನು ಹೇಳುವ ಅತಿ ಹಳೆಯ ದಾಖಲೆಯೆಂದು ಬಹುಮಂದಿ ವಿದ್ವಾಂಸರು ಒಪ್ಪುವುದು ಕ್ರಿ.ಪೂ. ೧೨೦೮ರ ಸುಮಾರಿನ ಮೆರ್ನೆಪ್ಟಾ ಎಂಬ ಫರೋಹನ ಶಿಲಾಶಾಸನ. ಅದು ದೊರೆತುದು ೧೮೯೬ರಲ್ಲಿ. ಇಸ್ರಾಯೇಲು ನಿರ್ಮೂಲವಾಯಿತೆಂಬುದೇ ಆ ಶಾಸನದ ಜಂಬ! ಮೂರು ಸಹಸ್ರ ವರ್ಷಗಳ ಬಳಿಕ ಶಾಸನವು ವಸ್ತುಪ್ರದರ್ಶನಾಲಯದಲ್ಲಿದೆ. ನಿರ್ಮೂಲವಾದರೆಂದು ಹೇಳಿಸಿಕೊಂಡವರ ಕಥೆ ಮನೆಮನೆಯ ಊಟದ ಪಂಕ್ತಿಯಲ್ಲಿದೆ.

ಹತ್ತಿರದ ದಾರಿಯನ್ನು ಬಿಟ್ಟದ್ದೇಕೆ?

ಐಗುಪ್ತದಿಂದ ಕಾನಾನಿಗೆ ಕಡಲತೀರವನ್ನು ಹಿಡಿದು ನೇರವಾದ ದಾರಿಯಿತ್ತು. ದೇವರು ಜನರನ್ನು ಆ ದಾರಿಯಲ್ಲಿ ನಡೆಸಲಿಲ್ಲ. ಯುದ್ಧವನ್ನು ಕಂಡರೆ ಇವರು ಎದೆಗುಂದಿ ಐಗುಪ್ತಕ್ಕೇ ಹಿಂದಿರುಗಿಯಾರೆಂಬುದು ವಿಮೋಚನಕಾಂಡವು ಕೊಡುವ ಕಾರಣ. ಕೈಯ ಸಂಕೋಲೆ ಕಳಚಿತ್ತು. ಮನಸ್ಸಿನ ಸಂಕೋಲೆ ಕಳಚಿರಲಿಲ್ಲ.

ಮುಂದಿನ ಕಥೆಯೆಲ್ಲ ಇದಕ್ಕೆ ಸಾಕ್ಷಿ. ಸಮುದ್ರವು ಇಬ್ಭಾಗವಾಗಿ ದಾರಿಬಿಟ್ಟಿತು. ಆಚೆ ದಡದಲ್ಲಿ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಬಡಿದು ಹಾಡಿದಳು. ಮೂರು ದಿನ ಕಳೆಯುವಷ್ಟರಲ್ಲಿ ನೀರು ಕಹಿಯೆಂದು ಗೊಣಗಾಟ ಮೊದಲಾಯಿತು. ತಿಂಗಳು ತುಂಬುವುದರೊಳಗೆ ಐಗುಪ್ತದ ಮಾಂಸದ ಪಾತ್ರೆಗಳು ನೆನಪಾದವು. ಇನ್ನೂ ಕೆಲವು ಕಾಲಕ್ಕೆ ಅಲ್ಲಿಯ ಮೀನು, ಸೌತೆ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒಂದೊಂದಾಗಿ ಹೆಸರಿಸಿ ಅತ್ತರು. ಹುಲ್ಲು ಕೊಡದೆಯೇ ಅಷ್ಟೇ ಲೆಕ್ಕದ ಇಟ್ಟಿಗೆ ಕೊಯ್ಯಬೇಕೆಂದು ಬೆನ್ನ ಮೇಲೆ ಬಿದ್ದ ಏಟುಗಳು ಆ ಪಟ್ಟಿಯಲ್ಲಿ ಸೇರಲಿಲ್ಲ. ಕಷ್ಟಕಾಲದಲ್ಲಿ ಹಳೆಯ ದಾಸ್ಯವೂ ರುಚಿಯಾಗಿ ತೋರುವುದುಂಟು.

ಮೋಶೆಯು ೪೦ ದಿನ ಬೆಟ್ಟದ ಮೇಲೆ ತಡೆದಾಗ, ಕಾಣದ ದೇವರಿಗಾಗಿ ಕಾಯಲಾರದೆ, ಹೆಂಗಸರು ಮಕ್ಕಳ ಕಿವಿಯೋಲೆಗಳನ್ನು ಕರಗಿಸಿ ಹೊನ್ನಿನ ಕರುವನ್ನು ಮಾಡಿಸಿಕೊಂಡರು. ಕೊನೆಗೆ ಕಾನಾನಿನ ಅಂಚಿಗೆ ಬಂದು, ೧೨ ಮಂದಿ ಗೂಢಚಾರರನ್ನು ಒಳಗೆ ಕಳುಹಿಸಿದರು. ನಾಡು ಫಲವತ್ತಾದುದೆಂದು ಎಲ್ಲರೂ ಒಪ್ಪಿದರು. ಆದರೆ ಅಲ್ಲಿಯ ಜನರ ಮುಂದೆ ತಾವು ಮಿಡತೆಗಳಂತಿದ್ದೆವೆಂದು ೧೦ ಮಂದಿ ವರದಿ ತಂದರು. ಹೋಗೋಣವೆಂದವರು ಯೆಹೋಶುವ, ಕಾಲೇಬ ಇಬ್ಬರೇ. ಜನ ನಂಬಿದುದು ಮಿಡತೆಗಳ ಮಾತನ್ನು. ಗೂಢಚಾರರು ಸುತ್ತಿದ ೪೦ ದಿನಕ್ಕೆ ದಿನಕ್ಕೊಂದು ವರ್ಷದಂತೆ ೪೦ ವರ್ಷದ ಅಲೆದಾಟ ವಿಧಿಯಾಯಿತು. ತನ್ನನ್ನು ತಾನು ಮಿಡತೆಯೆಂದು ಎಣಿಸಿದ ತಲೆಮಾರು ಮರಳುಗಾಡಿನಲ್ಲಿಯೇ ಮುಗಿದು, ಮರಳುಗಾಡಿನಲ್ಲಿ ಬೆಳೆದ ಮಕ್ಕಳು ಗಡಿಯನ್ನು ದಾಟಿದರು.

ಅಂದಂದಿನ ಅನ್ನ

ಆ ನಲವತ್ತು ವರ್ಷ ಅವರು ತಿಂದುದು ಮನ್ನವನ್ನು. ಮುಂಜಾನೆಯ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಣ್ಣ ಸಣ್ಣ ರವೆಯಂತೆ ಅದು ಉಳಿದಿರುತ್ತಿತ್ತು. ತಲೆಗೊಂದು ಓಮೆರ್, ಎಂದರೆ ಸುಮಾರು ೨ ಲೀಟರಿನಷ್ಟು, ಕೂಡಿಸಿಕೊಳ್ಳಬೇಕು. ಹೆಚ್ಚು ಕೂಡಿಸಿದವನಿಗೆ ಮಿಗುತ್ತಿರಲಿಲ್ಲ. ಕಡಿಮೆ ಕೂಡಿಸಿದವನಿಗೆ ಸಾಲದೆ ಬರುತ್ತಿರಲಿಲ್ಲ. ನಾಳೆಗಿರಲೆಂದು ಬಚ್ಚಿಟ್ಟರೆ ಹುಳುಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡು ಪಾಲು. ಏಳನೆಯ ದಿನ ಬಿಡುವು.

ಈ ವಿಚಿತ್ರವಾದ ನಿಯಮಗಳ ಅರ್ಥವನ್ನು ತಿಳಿಯಬೇಕಾದರೆ ಇವರು ಐಗುಪ್ತದಲ್ಲಿ ಕಟ್ಟುತ್ತಿದ್ದುದೇನೆಂಬುದನ್ನು ನೆನೆಯಬೇಕು. ಪಿತೋಮ್, ರಾಮ್ಸೇಸ್ ಎಂಬ ಎರಡು ಪಟ್ಟಣಗಳನ್ನು ಅವರು ಫರೋಹನಿಗಾಗಿ ಕಟ್ಟಿದರು. ಅವು ಉಗ್ರಾಣದ ಪಟ್ಟಣಗಳು. ಇತರರ ಉಗ್ರಾಣವನ್ನು ತುಂಬುವುದಕ್ಕೆ ಬಿಡುವಿಲ್ಲದೆ ಬೆವರು ಸುರಿಸಿದವರಿಗೆ ಎರಡು ಸಂಗತಿಗಳನ್ನು ಕಲಿಸಬೇಕಾಗಿತ್ತು: ಕೂಡಿಡದೆಯೂ ಬದುಕಬಹುದು, ದುಡಿಯದ ದಿನವೂ ಮನುಷ್ಯನಿಗೆ ಅನ್ನದ ಹಕ್ಕುಂಟು. ಏಳನೆಯ ದಿನ ಮನೆಯ ದಾಸದಾಸಿಯರಿಗೂ ವಿಶ್ರಾಂತಿ ಸಲ್ಲಬೇಕೆಂದು ವಿಧಿಸುವಾಗ, ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರೆಂಬುದನ್ನು ಧರ್ಮೋಪದೇಶಕಾಂಡವು ನೆನಪಿಸುತ್ತದೆ.

ಯೇಸುವು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆ ದಿನದ ಆಹಾರವನ್ನು, ತುಂಬಿದ ಕಣಜವನ್ನಲ್ಲ. ಅಪೊಸ್ತಲನಾದ ಪೌಲನು ಯೆರೂಸಲೇಮಿನ ಬಡವರಿಗಾಗಿ ಕೊರಿಂಥ ಪಟ್ಟಣದ ಸಭೆಯವರಿಂದ ಹಣವನ್ನು ಕೇಳುವಾಗ ಮನ್ನದ ಈ ಲೆಕ್ಕವನ್ನೇ ಎತ್ತಿ ತೋರಿಸಿದ್ದಾನೆ. ಒಬ್ಬನಲ್ಲಿ ಮಿಕ್ಕಿದುದು ಇನ್ನೊಬ್ಬನ ಕೊರತೆಯನ್ನು ತುಂಬಬೇಕೆಂಬುದು ಅವನ ವಾದ.

ಸ್ನಾನವಾದರೆ ಸಾಲದು

ಕ್ರೈಸ್ತರು ಈ ಕಥೆಯನ್ನು ಮೊದಲಿನಿಂದಲೂ ತಮ್ಮದಾಗಿ ಮಾಡಿಕೊಂಡರು. ಯೇಸುವಿನ ಕೊನೆಯ ಭೋಜನವನ್ನು ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು ಪಸ್ಕದ ಊಟವೆಂದೇ ಹೇಳುತ್ತವೆ; ಐಗುಪ್ತದ ಆ ರಾತ್ರಿಯ ವಾರ್ಷಿಕ ಸ್ಮರಣೆಯೇ ಪಸ್ಕ. ಬೆಟ್ಟದ ಮೇಲೆ ಯೇಸುವು ರೂಪಾಂತರ ಹೊಂದಿದಾಗ ಮೋಶೆಯೂ ಎಲೀಯನೂ ಅವನ ಮರಣವನ್ನು ಕುರಿತು ಮಾತನಾಡಿದರೆಂದು ಬರೆಯುವ ಲೂಕನು, ಆ ಮರಣಕ್ಕೆ ಬಳಸಿದ ಗ್ರೀಕ್ ಶಬ್ದ 'ಎಕ್ಸೊಡೊಸ್'! ಮರಳುಗಾಡಿನಲ್ಲಿ ೪೦ ದಿನ ಉಪವಾಸವಿದ್ದ ಯೇಸುವು ಸೈತಾನನ ಮೂರು ಶೋಧನೆಗಳಿಗೂ ಕೊಟ್ಟ ಉತ್ತರಗಳು ಧರ್ಮೋಪದೇಶಕಾಂಡದವು. ಇಸ್ರಾಯೇಲ್ಯರು ೪೦ ವರ್ಷದಲ್ಲಿ ಎಡವಿದ ಸ್ಥಳಗಳಲ್ಲಿ ಅವನು ಎಡವಲಿಲ್ಲವೆಂಬುದು ಇದರ ಧ್ವನಿ. ಇಂದಿಗೂ ಈಸ್ಟರಿನ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಕಥೋಲಿಕ ದೇವಾಲಯಗಳಲ್ಲಿ ಸಮುದ್ರವನ್ನು ದಾಟಿದ ಅಧ್ಯಾಯವನ್ನು ಓದಲೇಬೇಕು. ಬೇರೆ ಪಾಠಗಳನ್ನು ಕಡಿಮೆ ಮಾಡಬಹುದು, ಇದನ್ನು ಬಿಡುವಂತಿಲ್ಲ.

ಸಮುದ್ರವನ್ನು ದಾಟಿದುದನ್ನು ಪೌಲನು ದೀಕ್ಷಾಸ್ನಾನಕ್ಕೆ ಹೋಲಿಸಿದನು. ಒಡನೆಯೇ ಒಂದು ಎಚ್ಚರಿಕೆಯನ್ನೂ ಕೊಟ್ಟನು: ಎಲ್ಲರೂ ಸಮುದ್ರವನ್ನು ದಾಟಿದವರೇ, ಎಲ್ಲರೂ ಮನ್ನವನ್ನು ತಿಂದವರೇ, ಆದರೂ ಬಹುಮಂದಿ ಗುರಿ ಮುಟ್ಟಲಿಲ್ಲ. ನಿಂತಿದ್ದೇನೆಂದು ಎಣಿಸುವವನು ಬೀಳದಂತೆ ನೋಡಿಕೊಳ್ಳಬೇಕೆಂಬುದು ಅವನ ಮಾತಿನ ತಾತ್ಪರ್ಯ. ದೀಕ್ಷೆಯು ಯಾತ್ರೆಯ ಮೊದಲ ಹೆಜ್ಜೆ. ಅದನ್ನೇ ಊರು ಸೇರಿದಂತೆ ಬಗೆಯುವುದು ಭ್ರಾಂತಿ.

ಕತ್ತರಿಸಿದ ಬೈಬಲು

ಈ ಎಚ್ಚರಿಕೆಯನ್ನು ಕ್ರೈಸ್ತ ಸಮಾಜವು ಎಷ್ಟರಮಟ್ಟಿಗೆ ಮರೆಯಬಲ್ಲದೆಂಬುದಕ್ಕೆ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಗ್ರಂಥ ನಿದರ್ಶನ. ಗುಲಾಮರ ಉಪಯೋಗಕ್ಕೆಂದು ಆಯ್ದ ಬೈಬಲಿನ ಭಾಗಗಳು ಎಂಬರ್ಥದ ಶಿರೋನಾಮೆ ಅದಕ್ಕೆ. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಜನರನ್ನು ಬ್ರಿಟಿಷರು ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿಸುತ್ತಿದ್ದ ಕಾಲವದು. ಅವರಿಗೆ ಕ್ರೈಸ್ತಧರ್ಮವನ್ನು ಬೋಧಿಸಬೇಕು. ಆದರೆ ದಂಗೆಯ ಯೋಚನೆ ಬರಬಾರದು. ಹಳೆಯ ಒಡಂಬಡಿಕೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನೂ, ಹೊಸ ಒಡಂಬಡಿಕೆಯ ಸುಮಾರು ಅರ್ಧವನ್ನೂ ತೆಗೆದುಹಾಕಿದರು. ಯೋಸೇಫನು ಐಗುಪ್ತದಲ್ಲಿ ದಾಸನಾಗಿ ನಿಷ್ಠೆಯಿಂದ ದುಡಿದ ಕಥೆ ಉಳಿಯಿತು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಪೌಲನ ಮಾತು ಉಳಿಯಿತು. ಇಸ್ರಾಯೇಲ್ಯರು ಐಗುಪ್ತದಿಂದ ಬಿಡುಗಡೆ ಹೊಂದಿದ ಕಥೆ ಮಾತ್ರ ಇರಲಿಲ್ಲ.

ಪ್ರತಿವರ್ಷವೂ ಪಸ್ಕದ ಕುರಿಮರಿಯಾಗಿ ಕ್ರಿಸ್ತನನ್ನು ಸ್ತುತಿಸುತ್ತಿದ್ದವರೇ ಪಸ್ಕದ ಕಥೆಗೆ ಅಂಜಿದರು. ತಾವು ಸಮುದ್ರದ ಯಾವ ದಡದಲ್ಲಿ ನಿಂತಿದ್ದೇವೆಂಬುದು ಅವರ ಕತ್ತರಿಗೆ ತಿಳಿದಿತ್ತು! ಆ ಗ್ರಂಥದ ಒಂದು ಪ್ರತಿ ಇಂದು ಅಮೆರಿಕದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ವಿದ್ಯಾಭ್ಯಾಸಕ್ಕೆಂದು ೧೮೬೬ರಲ್ಲಿ ಪ್ರಾರಂಭವಾದ ಸಂಸ್ಥೆಯದು.

ಕತ್ತರಿಸಿದರೂ ಕಥೆ ಉಳಿಯಿತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಟಬ್‌ಮನ್ ೧೮೪೯ರಲ್ಲಿ ತಪ್ಪಿಸಿಕೊಂಡು ಪೆನ್ಸಿಲ್ವೇನಿಯವನ್ನು ಸೇರಿದಳು. ಆಕೆಗೆ ಓದುಬರಹವಿರಲಿಲ್ಲ, ಬೈಬಲಿನ ಕಥೆಗಳು ಕಿವಿಯಿಂದ ಬಂದವು. ಸುರಕ್ಷಿತವಾಗಿದ್ದ ಆಕೆ ಮುಂದಿನ ೧೦ ವರ್ಷಗಳಲ್ಲಿ ಸುಮಾರು ೧೩ ಬಾರಿ ಆ ಅಪಾಯದ ನಾಡಿಗೆ ಹಿಂದಿರುಗಿ, ಸುಮಾರು ೭೦ ಮಂದಿಯನ್ನು ರಾತ್ರಿಯ ಕತ್ತಲಲ್ಲಿ ನಡೆಸಿಕೊಂಡು ಬಂದಳು. ಜನ ಆಕೆಗೆ ಕೊಟ್ಟ ಹೆಸರು 'ಮೋಶೆ'.

ಹೊಲದ ಅಂಚು

ಮೋಶೆ ಕಾನಾನನ್ನು ಸೇರಲಿಲ್ಲ. ೧೨೦ನೆಯ ವಯಸ್ಸಿನಲ್ಲಿ ನೆಬೋ ಬೆಟ್ಟವನ್ನೇರಿ ದೂರದಿಂದ ನಾಡನ್ನು ನೋಡಿ ಪ್ರಾಣಬಿಟ್ಟನು. ೧೯೬೮ರ ಏಪ್ರಿಲ್ ೩ರಂದು, ಮೆಂಫಿಸ್ ನಗರದಲ್ಲಿ ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಬೆಂಬಲಕ್ಕೆ ಬಂದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗರು ತಮ್ಮ ಭಾಷಣದ ಕೊನೆಯಲ್ಲಿ ಆ ಬೆಟ್ಟದ ದೃಶ್ಯವನ್ನೇ ನೆನೆದರು. ಮರುದಿನ ಸಂಜೆ ಅವರು ಗುಂಡಿಗೆ ಬಲಿಯಾದರು. ದಾರಿ ತೋರಿದವನು ಊರು ಸೇರಲೇಬೇಕೆಂಬ ನಿಯಮವಿಲ್ಲ.

ಊರು ಸೇರಿದವರ ಕಥೆಯೇನು? ಯೊರ್ದನ್ ಹೊಳೆಯನ್ನು ದಾಟಿ ಗಿಲ್ಗಾಲಿನಲ್ಲಿ ಪಸ್ಕವನ್ನು ಆಚರಿಸಿ, ನಾಡಿನ ಬೆಳೆಯನ್ನು ಉಂಡರು. ಅದರ ಮರುದಿನವೇ ಮನ್ನವು ನಿಂತುಹೋಯಿತು. ಇನ್ನು ಹೊಲ ಅವರದು, ಕಣಜ ಅವರದು, ಪರೀಕ್ಷೆಯೂ ಅವರದು. ಕೊಯ್ಲಿನಲ್ಲಿ ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡವು ವಿಧಿಸಿತ್ತು. ಪರದೇಶಿಯ ಮನಸ್ಸಿನ ನೋವನ್ನು ನೀವೇ ಉಂಡು ಬಲ್ಲಿರಾದುದರಿಂದ ಅವನನ್ನು ಪೀಡಿಸಬೇಡಿರೆಂದು ವಿಮೋಚನಕಾಂಡವು ಹೇಳಿತ್ತು. ಆದರೂ ಕೆಲವು ಶತಮಾನಗಳ ಬಳಿಕ ಯೆರೂಸಲೇಮಿನಲ್ಲಿ ಆಳಿದ ಸೊಲೊಮೋನನು ದೇವಾಲಯ ಕಟ್ಟುವುದಕ್ಕೆಂದು ಇಸ್ರಾಯೇಲ್ಯರಲ್ಲಿಯೇ ೩೦,೦೦೦ ಮಂದಿಯನ್ನು ಬಿಟ್ಟಿಗೆ ಹಿಡಿದನೆಂದು ಬೈಬಲೇ ಮುಚ್ಚುಮರೆಯಿಲ್ಲದೆ ಬರೆದಿದೆ. ಅವನು ಬಿಟ್ಟಿಯಾಳುಗಳಿಂದ ಕಟ್ಟಿಸಿದ ಪಟ್ಟಣಗಳಲ್ಲಿ ಉಗ್ರಾಣದ ಪಟ್ಟಣಗಳೂ ಇದ್ದವು.

ಐಗುಪ್ತವು ನಕ್ಷೆಯ ಮೇಲಿನ ಒಂದು ದೇಶವಷ್ಟೇ ಆಗಿದ್ದರೆ ಅದನ್ನು ಬಿಟ್ಟು ಬರಲು ಒಂದು ರಾತ್ರಿ ಸಾಕಿತ್ತು. ಇತರರ ಬೆವರಿನಿಂದ ತನ್ನ ಉಗ್ರಾಣವನ್ನು ತುಂಬಿಕೊಳ್ಳುವ ಆಸೆ ಎಲ್ಲಿ ಹುಟ್ಟುವುದೋ ಅಲ್ಲೆಲ್ಲ ಅದು ಮತ್ತೆ ತಲೆಯೆತ್ತುತ್ತದೆ; ದೇವರನ್ನು ಸ್ತುತಿಸುವ ಮನೆಯಲ್ಲಿಯೂ ಎತ್ತೀತು. ಅದಕ್ಕಾಗಿಯೇ ಇರಬೇಕು, ಯೆಹೂದ್ಯರ ಮನೆಗಳಲ್ಲಿ ಇಂದಿಗೂ ಪಸ್ಕದ ರಾತ್ರಿ ಕಹಿ ಸೊಪ್ಪನ್ನು ತಿನ್ನುತ್ತಾರೆ. ತಾನೇ ಐಗುಪ್ತದಿಂದ ಹೊರಟು ಬಂದವನೆಂದು ಪ್ರತಿಯೊಬ್ಬನೂ ಭಾವಿಸಬೇಕೆಂಬುದು ಅಲ್ಲಿಯ ನಿಯಮ. ಜೀತವನ್ನೇ ಕಾಣದ ಮಗುವಿನ ನಾಲಗೆಗೂ ಅಂದು ಆ ಕಹಿ ತಗಲುತ್ತದೆ.