ಒಣಗಿದ ರಕ್ತದ ಹನಿಯಲ್ಲಿ ಉಳಿಯುವ ವಂಶವಾಹಿ

ಎಚ್.ಐ.ವಿ. ಸೋಂಕುಳ್ಳ ತಾಯಿಗೆ ಜನಿಸಿದ ಮಗುವಿನ ರಕ್ತದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಹದಿನೆಂಟು ತಿಂಗಳವರೆಗೂ ಉಳಿಯಬಹುದು. ಆದುದರಿಂದ ವಯಸ್ಕರಿಗೆ ಮಾಡುವ ಸಾಮಾನ್ಯ ಪರೀಕ್ಷೆಯು ಸೋಂಕು ತಗಲದ ಮಗುವಿನಲ್ಲಿಯೂ ಸೋಂಕಿದೆಯೆಂದೇ ತೋರಿಸಬಹುದು. ಪ್ರತಿಕಾಯಗಳು ಮರೆಯಾಗುವವರೆಗೆ ಕಾಯೋಣವೆಂದರೆ, ಸೋಂಕು ನಿಜವಾಗಿದ್ದು ಚಿಕಿತ್ಸೆ ದೊರೆಯದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಅಸುನೀಗುತ್ತವೆ. ದಕ್ಷಿಣ ಆಫ್ರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನಿಸಿದ ಕೆಲವೇ ವಾರಗಳಲ್ಲಿ ಚಿಕಿತ್ಸೆ ಪಡೆದ ಮಕ್ಕಳ ಮರಣ ಪ್ರಮಾಣವು ತಡವಾಗಿ ಪಡೆದವರಿಗಿಂತ ಶೇಕಡ 76ರಷ್ಟು ಕಡಿಮೆಯಿತ್ತು. ಹೀಗಾಗಿ ವೈರಸ್ಸಿನ ವಂಶವಾಹಿಯನ್ನೇ ಮಗುವಿನ ರಕ್ತಕಣಗಳಲ್ಲಿ ನೇರವಾಗಿ ಹುಡುಕಬೇಕಾಗುತ್ತದೆ.

ಪಿ.ಸಿ.ಆರ್. ಎಂಬ ಈ ಪರೀಕ್ಷೆಯನ್ನು ಎಲ್ಲ ಆಸ್ಪತ್ರೆಗಳಲ್ಲಿ ಮಾಡಲಾಗದು. 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಎಂಬ ಹೆಸರಿನಿಂದ ಪುಣೆಯಲ್ಲಿ ಸ್ಥಾಪಿತವಾದ ಸಂಸ್ಥೆಯು ಇದಕ್ಕೆ ಗೊತ್ತುಪಡಿಸಲಾದ ಕೆಲವೇ ಪ್ರಯೋಗಾಲಯಗಳಲ್ಲಿ ಒಂದಾಯಿತು. ಆದರೆ ದೂರದ ಊರಿನ ಮಗುವಿನ ರಕ್ತ ಕೆಡದಂತೆ ಪುಣೆಯನ್ನು ತಲಪುವುದು ಹೇಗೆ? ಮಂಜುಗಡ್ಡೆಯ ಪೆಟ್ಟಿಗೆ ದುಬಾರಿ. ದಾರಿಯಲ್ಲಿ ಕರಗುವ ಭಯವೂ ಇದೆ. 2010ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಶಿಶುಗಳ ಪರೀಕ್ಷಾ ಕಾರ್ಯಕ್ರಮವನ್ನು ಆರಂಭಿಸಿದಾಗ, ಮಂಜುಗಡ್ಡೆಯ ಸ್ಥಾನದಲ್ಲಿ ಬಂದದ್ದು ಒಂದು ತುಂಡು ಕಾಗದ.

ಮಗುವಿಗೆ ಆರು ವಾರವಾದಾಗ ಹಿಮ್ಮಡಿಯನ್ನು ಚುಚ್ಚಿ, ರಕ್ತದ ಹನಿಗಳನ್ನು ದಪ್ಪನೆಯ ಶೋಧಕ ಕಾಗದದ ಮೇಲೆ ಅಚ್ಚಾದ ವೃತ್ತಗಳಲ್ಲಿ ತುಂಬುತ್ತಾರೆ. ಅಮೆರಿಕದ ವೈದ್ಯ ರಾಬರ್ಟ್ ಗತ್ರಿ 1960ರ ದಶಕದಲ್ಲಿ ನವಜಾತ ಶಿಶುಗಳ ಬೇರೊಂದು ರೋಗದ ಪತ್ತೆಗೆ ಬಳಕೆಗೆ ತಂದ ಕ್ರಮವಿದು. ಡಿ.ಎನ್.ಎ. ಕೆಡುವುದಕ್ಕೆ ಬಹುಮಟ್ಟಿಗೆ ನೀರೇ ಕಾರಣ. ನೀರಿದ್ದರೆ ಅದನ್ನು ತುಂಡರಿಸುವ ಕಿಣ್ವಗಳು ಕೆಲಸ ಮಾಡುತ್ತವೆ, ಸೂಕ್ಷ್ಮಜೀವಿಗಳು ಬೆಳೆಯುತ್ತವೆ; ನೀರಿನ ಅಣುಗಳೇ ಅದರ ಎಳೆಯನ್ನು ಮುರಿಯುತ್ತವೆ. ತೇವವು ಆರಿಹೋದರೆ ಇವೆಲ್ಲವೂ ಬಹುತೇಕ ನಿಂತುಬಿಡುತ್ತವೆ. ವರ್ಷಗಟ್ಟಲೆ ಸಾಮಾನ್ಯ ಉಷ್ಣಾಂಶದಲ್ಲಿಟ್ಟ ಕಾಗದಗಳಿಂದಲೂ ಡಿ.ಎನ್.ಎ.ಯನ್ನು ಹೊರತೆಗೆದ ನಿದರ್ಶನಗಳಿವೆ.

ಹಪ್ಪಳ ಸಂಡಿಗೆಗಳನ್ನು ಒಣಗಿಸಿಡುವ ಮನೆಯವರಿಗೆ ಈ ತತ್ತ್ವವು ಹೊಸದೇನಲ್ಲ. ಆದರೆ ಹಪ್ಪಳದಂತೆ ಇದನ್ನು ಬಿಸಿಲಿಗೆ ಹರಡುವಂತಿಲ್ಲ. ಸೂರ್ಯನ ನೇರಳಾತೀತ ಕಿರಣಗಳು ಡಿ.ಎನ್.ಎ.ಗೆ ಹಾನಿಮಾಡುತ್ತವೆ. ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ, ಕೆಲವು ಗಂಟೆಗಳ ಕಾಲ ಆರಿಸಿ, ತೇವವನ್ನು ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಚೀಲದಲ್ಲಿಟ್ಟು ಬಿಗಿಯಾಗಿ ಮುಚ್ಚಬೇಕು. ಬಳಿಕ ಅದು ಸಾಮಾನ್ಯ ಲಕೋಟೆಯಲ್ಲಿ ಪ್ರಯಾಣ ಮಾಡಬಲ್ಲುದು. ಪ್ರಯೋಗಾಲಯದಲ್ಲಿ ರಕ್ತದ ಕಲೆಯಿಂದ ಚಿಕ್ಕ ಬಿಲ್ಲೆಯನ್ನು ಕತ್ತರಿಸಿ ಅದರಿಂದ ಡಿ.ಎನ್.ಎ.ಯನ್ನು ಬೇರ್ಪಡಿಸುತ್ತಾರೆ.

ಮಳೆಗಾಲದಲ್ಲಿ ಅವಸರದಿಂದ ಹಸಿಯಾಗಿಯೇ ಮುಚ್ಚಿದ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ. ಅಂತಹ ಕಾಗದವು ಪರೀಕ್ಷೆಗೆ ಬಾರದು. ತಾಯಿಯು ಮಗುವಿನೊಡನೆ ಮತ್ತೊಮ್ಮೆ ಬರಬೇಕು, ಚಿಕಿತ್ಸೆಯ ನಿರ್ಧಾರವೂ ಅಲ್ಲಿಯವರೆಗೆ ಕಾಯಬೇಕು.