ಮಗುವಿನ ಮಾತು ಮತ್ತು ಮನಸ್ಸು

ಮಕ್ಕಳ ತೂಕ, ಜ್ವರ, ಜೀರ್ಣಶಕ್ತಿಗಳ ಬಗೆಗೆ ತೋರುವಷ್ಟು ಕಾಳಜಿಯನ್ನು ನಾವು ಅವರ ಮಾತಿನ ಬಗೆಗೆ ತೋರುವುದಿಲ್ಲ. ಮಾತು ತಾನಾಗಿಯೇ ಬರುತ್ತದೆಂಬುದು ಸಾಮಾನ್ಯ ನಂಬಿಕೆ. ಆದರೆ ಮಾತು ಕೇವಲ ನಾಲಿಗೆಯ ವ್ಯಾಪಾರವಲ್ಲ. ಮನಸ್ಸು ಬೆಳೆಯುವುದಕ್ಕೆ ಅದೊಂದು ಮುಖ್ಯ ಸಾಧನ.

ನಾಲ್ಕು ವರ್ಷದ ಮಗು ಆಡುವಾಗ ಗಮನಿಸಿರಿ. 'ದೊಡ್ಡದು ಕೆಳಗೆ, ಅಯ್ಯೋ ಬಿತ್ತು, ಇನ್ನೊಂದು ಇಡಬೇಕು' ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1923ರ ತಮ್ಮ ಗ್ರಂಥದಲ್ಲಿ ಇದನ್ನು ಸ್ವಕೇಂದ್ರಿತ ಮಾತೆಂದು ಕರೆದರು. ವಯಸ್ಸಾದಂತೆ ಅದು ಅಳಿದುಹೋಗುವುದೆಂದು ಭಾವಿಸಿದರು. ರಷ್ಯಾದ ಲೆವ್ ವೈಗೋಟ್‌ಸ್ಕಿ ಇದನ್ನೊಪ್ಪಲಿಲ್ಲ. ಕೆಲಸ ಕಠಿಣವಾದಾಗ ಮಕ್ಕಳಲ್ಲಿ ಇಂಥ ಮಾತು ಹೆಚ್ಚುವುದನ್ನು ಅವರು ಕಂಡರು. ಈ ಮಾತು ಅಳಿಯುವುದಿಲ್ಲ, ಒಳಗಿಳಿದು ಮೌನಚಿಂತನೆಯಾಗುತ್ತದೆ ಎಂಬುದು 1934ರಲ್ಲಿ ಪ್ರಕಟವಾದ ಅವರ ಕೃತಿಯ ಪ್ರತಿಪಾದನೆ.

ಇದರ ಕ್ರಮವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಮೊದಲು ತಾಯಿ 'ಬಿಸಿ, ಮುಟ್ಟಬೇಡ' ಎನ್ನುತ್ತಾಳೆ. ಕೆಲಕಾಲದ ನಂತರ ಮಗು ಒಲೆಯ ಬಳಿ ತಾನೇ 'ಬಿಸಿ' ಎಂದುಕೊಂಡು ಕೈ ಹಿಂದೆಗೆಯುತ್ತದೆ. ಮುಂದೆ ಅದೇ ಮಾತನ್ನು ಮನದಲ್ಲಿಯೇ ಆಡಿಕೊಳ್ಳುತ್ತದೆ. ಹೊರಗಿನ ಮಾತು ಒಳಗಿನ ವಿವೇಕವಾಗುವ ಬಗೆ ಇದು. ಆದುದರಿಂದ ತಾನೇ ಮಾತಾಡಿಕೊಳ್ಳುವ ಮಗುವನ್ನು 'ಸುಮ್ಮನಿರು' ಎಂದು ಗದರಿಸಬಾರದು.

ಕಿವಿ ಕೇಳದ ಮಗುವಿಗೆ ಈ ದಾರಿಯ ಆರಂಭವೇ ಮುಚ್ಚಿರುತ್ತದೆ. ಮಾತು ತಡವಾದರೆ ಬಜೆಯನ್ನು ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಬಜೆಯನ್ನು ಮೇಧ್ಯ ದ್ರವ್ಯವೆಂದು ಆಯುರ್ವೇದವು ಪರಿಗಣಿಸಿದ್ದರೂ ಕೇಳದ ಕಿವಿಗೆ ಅದು ಔಷಧಿಯಲ್ಲ. ಬಜೆಯನ್ನು ನಂಬಿ ವರ್ಷಗಳನ್ನು ಕಳೆದರೆ ಭಾಷೆ ಬೇರೂರುವ ಅಮೂಲ್ಯ ಕಾಲವೇ ಕಳೆದುಹೋಗುತ್ತದೆ.

ಒಂದು ವರ್ಷವಾದರೂ ತೊದಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಪದಗಳನ್ನು ಕೂಡಿಸಿ ಹೇಳದಿದ್ದರೆ ಕೂಡಲೇ ಶ್ರವಣಪರೀಕ್ಷೆ ಮಾಡಿಸಬೇಕು. ನವಜಾತ ಶಿಶುವಿಗೂ ಈ ಪರೀಕ್ಷೆ ಸಾಧ್ಯ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಚಿಕಿತ್ಸೆ, ತರಬೇತಿಗಳೆಲ್ಲವೂ ದೊರೆಯುತ್ತವೆ. ಶ್ರವಣಸಾಧನದಿಂದಲೂ ಕೇಳದ ಮಗುವಿಗೆ ಸಂಜ್ಞಾಭಾಷೆಯನ್ನು ಬೇಗನೆ ಕಲಿಸಿದರೆ ಅದೂ ಚಿಂತನೆಗೆ ಪೂರ್ಣ ಆಧಾರವಾಗುತ್ತದೆ.

ಉಳಿದಂತೆ ಬೇಕಾದುದು ಹೆಚ್ಚಿನದೇನಲ್ಲ. ಸ್ನಾನ, ಊಟ, ನಿದ್ರೆಯ ವೇಳೆ ಮಗುವಿನೊಡನೆ ಮನೆಮಾತಿನಲ್ಲಿ ಮಾತನಾಡಿರಿ. ಅದರ ಉತ್ತರಕ್ಕೆ ಕಾಯಿರಿ. ಮೊಬೈಲು ಮಾತಾಡೀತು, ಆದರೆ ಮಗುವಿನ ಉತ್ತರಕ್ಕಾಗಿ ಕಾಯಲಾರದು.