ಗೋಡೆ ಸರಿಸುವ ಮುನ್ನ: ಕಟ್ಟಡ ನಕ್ಷೆಯ ಪಾಠದಲ್ಲಿ ಕಮಾಂಡ್‌ಗಿಂತ ಮೊದಲು ಬರಬೇಕಾದ ಪ್ರಶ್ನೆಗಳು

ಕಟ್ಟಡ ನಕ್ಷೆ ಬರೆಯುವ ತಂತ್ರಾಂಶವನ್ನು ಕಲಿಸಲು ಹೊರಡುವ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಯಲ್ಲಿ ‘ಮೂವ್ ಕಮಾಂಡ್’ ಎಂಬ ಘಟಕ ಸಾಮಾನ್ಯವಾಗಿ ಅರ್ಧ ಪುಟಕ್ಕೆ ಮುಗಿಯುತ್ತದೆ. ಕಮಾಂಡ್ ಕೊಡಿ, ಗೋಡೆಯನ್ನು ಆರಿಸಿ, ಒಂದು ಬಿಂದುವನ್ನು ಕ್ಲಿಕ್ ಮಾಡಿ, ದೂರವನ್ನು ಟೈಪ್ ಮಾಡಿ, ಎಂಟರ್ ಒತ್ತಿ. ಐದು ಹೆಜ್ಜೆಗಳೂ ಸರಿಯಾಗಿಯೇ ಇರುತ್ತವೆ. ವಿದ್ಯಾರ್ಥಿಗಳೂ ತಪ್ಪಿಲ್ಲದೆ ಮಾಡಿ ತೋರಿಸುತ್ತಾರೆ. ಆದರೆ ‘ಈ ಕೋಣೆಯ ಅಗಲವನ್ನು ಹತ್ತು ಅಡಿ ಮಾಡಿ’ ಎಂದು ಹೇಳಿ ನೋಡಿ. ಒಂದೇ ತರಗತಿಯಲ್ಲಿ ನಾಲ್ಕೈದು ಬೇರೆ ಬೇರೆ ಮನೆಗಳು ತಯಾರಾಗುತ್ತವೆ. ಹೆಜ್ಜೆಗಳು ಸರಿಯಿದ್ದೂ ಉತ್ತರ ಬೇರೆಯಾಗುವುದೇಕೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಗೋಡೆ ಸರಿಸುವ ಪಾಠದಲ್ಲಿ ಕಮಾಂಡ್ ಕೊನೆಗೆ ಬರಬೇಕು, ಯಾವುದು ಅಲುಗಬಾರದು ಎಂಬ ಪ್ರಶ್ನೆ ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಬೋಧನಾಭ್ಯಾಸದ ವೀಕ್ಷಣೆಗೆ ಹೋಗುವ ತರಗತಿ ಮತ್ತಿಕೆರೆಯಲ್ಲಿದೆ. ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ವೃತ್ತಿಯ ವಿದ್ಯಾರ್ಥಿಗಳು. ಯಶವಂತಪುರ, ಗೋಕುಲ, ಜಾಲಹಳ್ಳಿ ಕಡೆಯಿಂದ ಬರುವವರು. ಅವರಲ್ಲಿ ಅನೇಕರು ವಾಸಿಸುವುದೇ ಇಪ್ಪತ್ತು–ಮೂವತ್ತರ ಸೈಟಿನ ಮನೆಗಳಲ್ಲಿ. ಅಂಥ ಮನೆಯಲ್ಲಿ ಆರು ಇಂಚು ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಉದಾಹರಣೆಯನ್ನು ಪಠ್ಯಪುಸ್ತಕದ ಬಂಗಲೆಯಿಂದ ತೆಗೆದುಕೊಳ್ಳದೆ ಅವರ ಬೀದಿಯಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು.

ಒಂದು ಮಾದರಿ ಸಮಸ್ಯೆ

ಮನೆಯ ಹಿಂಭಾಗದಲ್ಲಿ ಒಂದು ಮಲಗುವ ಕೋಣೆ, ಅದರ ಪಕ್ಕಕ್ಕೆ ಶೌಚಾಲಯವೂ ಸೇರಿದ ಬಚ್ಚಲುಮನೆ. ಹೊರಗೋಡೆಗಳು ಆರು ಇಂಚಿನ ಸಾಲಿಡ್ ಬ್ಲಾಕ್, ನಡುಗೋಡೆ ನಾಲ್ಕು ಇಂಚಿನದು. ಎಡದಿಂದ ಬಲಕ್ಕೆ ಅಳತೆ ಹೀಗಿದೆ: ಹೊರಗೋಡೆ 6 ಇಂಚು, ಕೋಣೆ 9 ಅಡಿ 6 ಇಂಚು, ನಡುಗೋಡೆ 4 ಇಂಚು, ಬಚ್ಚಲು 4 ಅಡಿ 6 ಇಂಚು, ಹೊರಗೋಡೆ 6 ಇಂಚು. ಒಟ್ಟು 15 ಅಡಿ 4 ಇಂಚು, ಅಂದರೆ 184 ಇಂಚು.

ಮನೆಯವರ ಬೇಡಿಕೆ: ಕೋಣೆ ಹತ್ತು ಅಡಿ ಆಗಬೇಕು. ಬೇಡಿಕೆಗೆ ಕಾರಣವಿದೆ. ಆರೂವರೆ ಅಡಿ ಉದ್ದದ ಮಂಚ, ಎದುರಿಗೆ ಎರಡು ಅಡಿ ಆಳದ ವಾರ್ಡ್‌ರೋಬ್ ಇಟ್ಟರೆ ಈಗ ನಡುವೆ ಉಳಿಯುವುದು ಒಂದೇ ಅಡಿ. ಕೋಣೆ ಹತ್ತು ಅಡಿಯಾದರೆ ಒಂದೂವರೆ ಅಡಿ ಸಿಗುತ್ತದೆ. ಅತ್ತ ಬಚ್ಚಲಿನ ಕಡೆ ಮನೆಯ ಅಜ್ಜಿಗೆ ಸ್ನಾನ ಮಾಡಿಸಲು ಇನ್ನೊಬ್ಬರು ಜತೆಗೆ ನಿಲ್ಲಬೇಕು. ಈ ಎರಡು ಅಗತ್ಯಗಳ ನಡುವೆ ನಿಂತಿರುವುದು ನಾಲ್ಕು ಇಂಚಿನ ಒಂದು ಗೋಡೆ.

ಒಂದು ಹತ್ತು ಅಡಿ, ಐದು ಉತ್ತರ

ಕಂಪ್ಯೂಟರ್ ತೆರೆಯುವ ಮೊದಲು ಗ್ರಾಫ್ ಹಾಳೆಯಿಂದ 184 ಮಿಲಿಮೀಟರ್ ಉದ್ದದ ಒಂದು ಪಟ್ಟಿ ಕತ್ತರಿಸಲು ಹೇಳಿ. ಒಂದು ಮಿಲಿಮೀಟರಿಗೆ ಒಂದು ಇಂಚು. ಎರಡು ತುದಿಗೂ 6 ಮಿಲಿಮೀಟರ್ ಬಣ್ಣ ಹಚ್ಚಿದರೆ ಅವು ಹೊರಗೋಡೆಗಳು. ನಡುಗೋಡೆಯನ್ನು ಮಾತ್ರ 4 ಮಿಲಿಮೀಟರಿನ ಬೇರೆ ತುಂಡಾಗಿ ಕತ್ತರಿಸಿ ಪಟ್ಟಿಯ ಮೇಲೆ ಇಡಲಿ. ಈಗ ‘ಹತ್ತು ಅಡಿ ಆಗುವಂತೆ ಸರಿಸಿ’ ಎಂದಷ್ಟೇ ಹೇಳಿ ಸುಮ್ಮನಿರಿ. ಎಲ್ಲಿಂದ ಎಲ್ಲಿಗೆ ಎಂದು ನೀವು ಹೇಳಬಾರದು.

ಹೊರಗೋಡೆಯ ಒಳಮುಖದಿಂದ ನಡುಗೋಡೆಯ ಹತ್ತಿರದ ಮುಖಕ್ಕೆ ಹತ್ತು ಅಡಿ ಹಿಡಿದವರಿಗೆ ಕೋಣೆ 10 ಅಡಿ, ಬಚ್ಚಲು 4 ಅಡಿ.

ಒಳಮುಖದಿಂದ ನಡುಗೋಡೆಯ ಮಧ್ಯರೇಖೆಗೆ ಹಿಡಿದವರಿಗೆ ಕೋಣೆ 9 ಅಡಿ 10 ಇಂಚು, ಬಚ್ಚಲು 4 ಅಡಿ 2 ಇಂಚು.

ಒಳಮುಖದಿಂದ ನಡುಗೋಡೆಯ ಆಚೆಯ ಮುಖಕ್ಕೆ ಹಿಡಿದವರಿಗೆ ಕೋಣೆ 9 ಅಡಿ 8 ಇಂಚು, ಬಚ್ಚಲು 4 ಅಡಿ 4 ಇಂಚು.

ಮಧ್ಯರೇಖೆಯಿಂದ ಮಧ್ಯರೇಖೆಗೆ ಹಿಡಿದವರಿಗೆ ಕೋಣೆ 9 ಅಡಿ 7 ಇಂಚು, ಬಚ್ಚಲು 4 ಅಡಿ 5 ಇಂಚು.

ಹೊರಗೋಡೆಯ ಹೊರಮುಖದಿಂದ ನಡುಗೋಡೆಯ ಹತ್ತಿರದ ಮುಖಕ್ಕೆ ಹಿಡಿದವರು ಗೋಡೆಯನ್ನು ಸರಿಸಬೇಕಾಗಿಯೇ ಇಲ್ಲ. ಅದು ಈಗಾಗಲೇ ಹತ್ತು ಅಡಿಯಲ್ಲೇ ಇದೆ!

ಕೊನೆಯ ಉತ್ತರ ಬಂದಾಗ ತರಗತಿ ನಗುತ್ತದೆ. ನಗು ನಿಂತ ಮೇಲೆ ಕೇಳಬೇಕಾದ ಪ್ರಶ್ನೆ, ‘ಇವರಲ್ಲಿ ಯಾರ ಅಳತೆ ತಪ್ಪು?’ ಎಂಬುದು. ಅಳತೆ ಯಾರದೂ ತಪ್ಪಿಲ್ಲ, ಪ್ರಶ್ನೆಯೇ ಅಪೂರ್ಣವಾಗಿತ್ತು. ಗೆರೆಗೆ ದಪ್ಪವಿಲ್ಲ, ಗೋಡೆಗೆ ಇದೆ. ಮನೆಯವರು ‘ಹತ್ತು ಅಡಿ’ ಎಂದಾಗ ಅವರ ಮನಸ್ಸಿನಲ್ಲಿರುವುದು ಒಳಅಳತೆ, ಏಕೆಂದರೆ ಮಂಚ ನಿಲ್ಲುವುದು ಅಲ್ಲಿ. ಪಾಯದ ಗುರುತು ಹಾಕುವ ಮೇಸ್ತ್ರಿ ದಾರ ಕಟ್ಟುವುದು ಸೆಂಟರ್ ಲೈನಿಗೆ. ಇಬ್ಬರ ಮಾತನ್ನೂ ಒಂದೇ ಹಾಳೆಯ ಮೇಲೆ ಇಡುವುದು ನಕ್ಷೆ ಬರೆಯುವವನ ಕೆಲಸ. ಹಾಗಾಗಿ ‘ಯಾವ ಮುಖದಿಂದ ಯಾವ ಮುಖಕ್ಕೆ?’ ಎಂದು ಕೇಳುವುದು ಸಂಕೋಚಪಡಬೇಕಾದ ವಿಷಯವಲ್ಲ, ಅದೇ ಮೊದಲ ಹೆಜ್ಜೆ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲು ಬಿಡಿ. ಐದೂ ಉತ್ತರಗಳಲ್ಲಿ ಕೋಣೆ ಮತ್ತು ಬಚ್ಚಲನ್ನು ಕೂಡಿದರೆ ಸರಿಯಾಗಿ 14 ಅಡಿ ಬರುತ್ತದೆ. ಹೊರಗೋಡೆಗಳು ಅಲುಗಿಲ್ಲ, ಗೋಡೆಗಳ ದಪ್ಪ ಬದಲಾಗಿಲ್ಲ, ಹಾಗಾಗಿ ಮೊತ್ತವೂ ಬದಲಾಗುವುದಿಲ್ಲ. ಕೋಣೆಗೆ ಬಂದ ಪ್ರತಿ ಇಂಚೂ ಬಚ್ಚಲಿನಿಂದ ಬಂದದ್ದು. ಈ 14 ಅಡಿಯೇ ಮುಂದೆ ಕಂಪ್ಯೂಟರಿನ ಮೇಲೆ ಮಾಡುವ ಕೆಲಸಕ್ಕೂ ತಾಳೆ.

ಸೂಕ್ಷ್ಮ ಬೋಧನೆಯ ಆರು ನಿಮಿಷಕ್ಕೆ ಈ ಪಟ್ಟಿಯ ಚಟುವಟಿಕೆಯೊಂದೇ ಸಾಕು. ಅದರೊಳಗೆ ಕಮಾಂಡನ್ನೂ ತುರುಕಲು ಹೋದರೆ ಎರಡೂ ಕೈಬಿಡುತ್ತವೆ.

ಈಗ ತಂತ್ರಾಂಶ

1982ರಲ್ಲಿ ಮೊದಲು ಬಿಡುಗಡೆಯಾದ ಆಟೊಕ್ಯಾಡ್ ಇಂದಿಗೂ ನಮ್ಮ ತರಗತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದರಿಂದ ಅದರ ಮಾತಿನಲ್ಲೇ ಹೇಳುತ್ತೇನೆ. ಒಳಅಳತೆ ಎಂದು ತೀರ್ಮಾನವಾದ ಮೇಲೆ ಗೋಡೆ ಬಲಕ್ಕೆ 6 ಇಂಚು ಸರಿಯಬೇಕು. ಮೂವ್ ಕಮಾಂಡ್ ಕೊಟ್ಟು ಗೋಡೆಯ ಎರಡೂ ಗೆರೆಗಳನ್ನು ಆರಿಸಿದ ಬಳಿಕ ತಂತ್ರಾಂಶ ಮೂಲಬಿಂದು ಕೇಳುತ್ತದೆ, ಆಮೇಲೆ ಎರಡನೆಯ ಬಿಂದು ಕೇಳುತ್ತದೆ. ಮೂಲಬಿಂದು ಗೋಡೆಯ ಮೇಲೆಯೇ ಇರಬೇಕು ಎಂದು ಅನೇಕರು ತಿಳಿದಿರುತ್ತಾರೆ. ಹಾಗೇನಿಲ್ಲ. ಅದು ಒಂದು ಬಾಣದ ಬಾಲ, ಎರಡನೆಯ ಬಿಂದು ಬಾಣದ ತುದಿ. ತಂತ್ರಾಂಶ ನೋಡುವುದು ಆ ಬಾಣದ ಉದ್ದ ಮತ್ತು ದಿಕ್ಕನ್ನು ಮಾತ್ರ. ಪಿಯುಸಿಯ ಗಣಿತ, ಭೌತವಿಜ್ಞಾನದಲ್ಲಿ ಸದಿಶ ಎಂದು ಕಲಿಸುವುದು ಇದನ್ನೇ.

ಬಾಣವನ್ನು ಕೊಡಲು ಎರಡು ದಾರಿಗಳಿವೆ. ಒಂದು, ಎಫ್8 ಒತ್ತಿ ಆರ್ಥೊ ಹಾಕಿಕೊಂಡು, ಕರ್ಸರನ್ನು ಬಲಕ್ಕೆ ಎಳೆದು 6 ಎಂದು ಟೈಪ್ ಮಾಡುವುದು. ಇಲ್ಲಿ ದಿಕ್ಕನ್ನು ಹೇಳುವುದು ಕರ್ಸರ್, ದೂರವನ್ನು ಹೇಳುವುದು ಅಂಕಿ. ಇನ್ನೊಂದು, ಎರಡನೆಯ ಬಿಂದುವಿಗೆ @6,0 ಎಂದು ಬರೆಯುವುದು. @ ಚಿಹ್ನೆಯ ಅರ್ಥ ‘ಹಿಂದಿನ ಬಿಂದುವಿನಿಂದ’ ಎಂದು. ಕೈಯಲ್ಲಿ ಅಂದಾಜಿಗೆ ಎಳೆದು ಬಿಟ್ಟರೆ ಗೋಡೆ ಆರು ಇಂಚಿನ ಹತ್ತಿರ ಎಲ್ಲೋ ನಿಲ್ಲುತ್ತದೆ, ಆರು ಇಂಚಿನಲ್ಲಿ ನಿಲ್ಲುವುದಿಲ್ಲ.

ಎರಡು ಕಡೆ ವಿದ್ಯಾರ್ಥಿಗಳು ಖಂಡಿತ ಎಡವುತ್ತಾರೆ. ಮೊದಲನೆಯದು ಮಾನ. ಅಡಿ–ಇಂಚಿನ ನಕ್ಷೆಯಲ್ಲಿ 6 ಎಂದರೆ ಆರು ಇಂಚು. ಹತ್ತು ಅಡಿ ಬೇಕಾದರೆ ಅಡಿಯ ಗುರುತು ಸೇರಿಸಿಯೇ ಬರೆಯಬೇಕು, ಇಲ್ಲವಾದರೆ ಹತ್ತು ಇಂಚು ಆಗುತ್ತದೆ. ಮಿಲಿಮೀಟರಿನ ನಕ್ಷೆಯಲ್ಲಿ ಅದೇ 6 ಎಂದರೆ ಆರು ಮಿಲಿಮೀಟರ್. ಆರು ಇಂಚಿಗೆ 152.4 ಎಂದು ಬರೆಯಬೇಕು. ಎರಡನೆಯದು, ಮೂಲಬಿಂದು ಕ್ಲಿಕ್ ಮಾಡಿದ ಬಳಿಕ ಎರಡನೆಯ ಬಿಂದು ಕೊಡದೆ ಎಂಟರ್ ಒತ್ತುವುದು. ಆಗ ತಂತ್ರಾಂಶ ಮೂಲಬಿಂದುವಿನ ನಿರ್ದೇಶಾಂಕಗಳನ್ನೇ ಸರಿಸಬೇಕಾದ ದೂರ ಎಂದು ತಿಳಿಯುತ್ತದೆ. ಮನೆಯ ಎಡ ಕೆಳಮೂಲೆ 0,0 ಆಗಿದ್ದು, ಕ್ಲಿಕ್ ಮಾಡಿದ ಬಿಂದು 120,60 ಆಗಿದ್ದರೆ, ಗೋಡೆ ಹತ್ತು ಅಡಿ ಬಲಕ್ಕೂ ಐದು ಅಡಿ ಮೇಲಕ್ಕೂ ಹಾರಿ ಮನೆಯಿಂದಾಚೆ ಬೀಳುತ್ತದೆ. ‘ಗೋಡೆ ಮಾಯವಾಯಿತು’ ಎಂದು ವಿದ್ಯಾರ್ಥಿ ಕೂಗಿದಾಗ ಅನ್‌ಡೂ ಒತ್ತಿಸಿ ಮುಂದೆ ಹೋಗಬೇಡಿ. ಎಲ್ಲಿಗೆ ಹೋಗಿದೆ ಎಂದು ಲೆಕ್ಕ ಹಾಕಿಸಿ, ನಕ್ಷೆಯಲ್ಲಿ ಹುಡುಕಿಸಿ. ನಿರ್ದೇಶಾಂಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಜತೆಗೆ ಏನೇನು ಬರಬೇಕು?

ಗೋಡೆ ಸರಿಯಾಗಿ ಆರು ಇಂಚು ಸರಿದರೂ ನಕ್ಷೆ ಕೆಡಬಹುದು. ನಡುಗೋಡೆ ಹೊರಗೋಡೆಗೆ ಸೇರುವ ಕಡೆ ಹೊರಗೋಡೆಯ ಒಳಗೆರೆ ತುಂಡಾಗಿರುತ್ತದೆ. ಮೂವ್ ಕಮಾಂಡ್ ನಡುಗೋಡೆಯನ್ನಷ್ಟೇ ಒಯ್ಯುತ್ತದೆ. ಹಳೆಯ ಜಾಗದಲ್ಲಿ ನಾಲ್ಕು ಇಂಚಿನ ಬಾಯಿ ತೆರೆದೇ ಉಳಿಯುತ್ತದೆ, ಹೊಸ ಜಾಗದಲ್ಲಿ ಹೊರಗೋಡೆಯ ಗೆರೆ ನಡುಗೋಡೆಯ ತುದಿಗೆ ಅಡ್ಡ ಹಾಯುತ್ತದೆ.

ಇಲ್ಲಿ ಬೇಕಾದದ್ದು ಸ್ಟ್ರೆಚ್. ಬಲದಿಂದ ಎಡಕ್ಕೆ ಚೌಕಟ್ಟು ಎಳೆದು ನಡುಗೋಡೆಯನ್ನೂ ಅದು ಸೇರುವ ಎರಡೂ ಸಂದುಗಳನ್ನೂ ಒಳಗೆ ಹಿಡಿಯಬೇಕು. ಚೌಕಟ್ಟಿನೊಳಗೆ ಪೂರ್ತಿ ಬಂದ ಗೆರೆಗಳು ಸರಿಯುತ್ತವೆ, ಒಂದು ತುದಿ ಮಾತ್ರ ಒಳಗಿರುವ ಗೆರೆಗಳು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ, ಎರಡೂ ತುದಿ ಹೊರಗಿರುವ ಹೊರಗೋಡೆಯ ಹೊರಗೆರೆ ಇದ್ದಲ್ಲೇ ಇರುತ್ತದೆ. ಬಾಗಿಲು, ವಾಶ್ ಬೇಸಿನ್‌ಗಳು ಬ್ಲಾಕ್‌ಗಳಾಗಿದ್ದರೆ ಅವುಗಳ ಸೇರ್ಪಡೆ ಬಿಂದು ಚೌಕಟ್ಟಿನೊಳಗೆ ಇದ್ದಾಗ ಗೋಡೆಯ ಜತೆ ಬರುತ್ತವೆ. ಆದ್ದರಿಂದ ಚೌಕಟ್ಟು ಎಳೆಯುವ ಮೊದಲು ವಿದ್ಯಾರ್ಥಿ ಎರಡು ಪಟ್ಟಿ ಬರೆಯಲಿ: ಸರಿಯಬೇಕಾದವು, ಸರಿಯಬಾರದವು. ಈ ಎರಡನೆಯ ಪಟ್ಟಿಯನ್ನು ಬರೆಸುವವರು ಕಡಿಮೆ.

ರೆವಿಟ್‌ನಂಥ ತಂತ್ರಾಂಶದಲ್ಲಿ ಗೋಡೆ ಎರಡು ಗೆರೆಗಳಲ್ಲ, ಒಂದು ವಸ್ತು. ಸಂದುಗಳನ್ನು ಅದೇ ಸರಿಮಾಡಿಕೊಳ್ಳುತ್ತದೆ. ಆದರೆ ಮೂಲ ಪ್ರಶ್ನೆ ಅಲ್ಲಿಯೂ ತಪ್ಪುವುದಿಲ್ಲ. ಗೋಡೆಯನ್ನು ಆರಿಸಿದಾಗ ಕಾಣುವ ತಾತ್ಕಾಲಿಕ ಅಳತೆ ಮಧ್ಯರೇಖೆಗೋ ಮುಖಕ್ಕೋ ಎಂದು ನೋಡಿಕೊಂಡೇ ಅಂಕಿ ಬದಲಿಸಬೇಕು. ಜತೆಗೆ, ಅಂಕಿ ಬದಲಿಸಿದಾಗ ಸರಿಯುವುದು ನಾವು ಆರಿಸಿಕೊಂಡ ಗೋಡೆಯೇ. ನಡುಗೋಡೆಯ ಬದಲು ಹೊರಗೋಡೆಯನ್ನು ಆರಿಸಿ ಅದೇ ಅಂಕಿ ಬರೆದರೆ ಕೋಣೆ ಹತ್ತು ಅಡಿ ಆಗುತ್ತದೆ, ಮನೆ ಮಾತ್ರ ಪಕ್ಕದ ಜಾಗಕ್ಕೆ ಆರು ಇಂಚು ಹೋಗಿರುತ್ತದೆ.

ತಾಳೆ ನೋಡುವುದು

ಪರದೆಯ ಮೇಲೆ 10 ಅಡಿ ಎಂದು ಕಂಡ ಮಾತ್ರಕ್ಕೆ ಅದು ಹತ್ತು ಅಡಿ ಎಂದಾಗುವುದಿಲ್ಲ. ಅಳತೆಯ ನಿಖರತೆಯನ್ನು ಪೂರ್ಣ ಇಂಚಿಗೆ ಇಟ್ಟಿದ್ದರೆ 9 ಅಡಿ ಹನ್ನೊಂದೂಮುಕ್ಕಾಲು ಇಂಚೂ ಹತ್ತು ಅಡಿಯಾಗಿಯೇ ಕಾಣುತ್ತದೆ. ಮೊದಲು ನಿಖರತೆಯನ್ನು ಹೆಚ್ಚಿಸಿ, ಆಸ್ನ್ಯಾಪ್ ಹಾಕಿಕೊಂಡು ತುದಿಯಿಂದ ತುದಿಗೆ ಎರಡೂ ಕೋಣೆಗಳನ್ನು ಅಳೆಯಲಿ. ಕೂಡಿದಾಗ 14 ಅಡಿ ಬರಬೇಕು. ಬರಲಿಲ್ಲವೆಂದರೆ ಅಲುಗಬಾರದ್ದು ಏನೋ ಅಲುಗಿದೆ.

ಕೊನೆಯ ತಾಳೆ ನಕ್ಷೆಯ ಹೊರಗಿನದು. ರಾಷ್ಟ್ರೀಯ ಕಟ್ಟಡ ಸಂಹಿತೆ ಶೌಚಾಲಯ ಸೇರಿದ ಬಚ್ಚಲುಮನೆಗೆ ಕನಿಷ್ಠ 1.2 ಮೀಟರ್ ಅಗಲವನ್ನು ಹೇಳುತ್ತದೆ. ನಮ್ಮ ಬಚ್ಚಲು ಈಗ 4 ಅಡಿ, ಅಂದರೆ 1219 ಮಿಲಿಮೀಟರ್. ಪಾಸಾಯಿತು ಎಂದು ವಿದ್ಯಾರ್ಥಿಗಳು ಸಂತೋಷಪಡುತ್ತಾರೆ. ಆಗ ಗಾರೆಯನ್ನು ನೆನಪಿಸಿ. ನಾವು ಅಳೆದದ್ದು ಬರಿಯ ಬ್ಲಾಕ್ ಗೋಡೆಯನ್ನು. ಎರಡೂ ಕಡೆ 12 ಮಿಲಿಮೀಟರಿನಂತೆ ಗಾರೆ ಮೆತ್ತಿದರೆ ಉಳಿಯುವುದು 1195. ಟೈಲ್ಸ್ ಹಾಕಿದರೆ ಇನ್ನೂ ಕಡಿಮೆ. ಗೋಡೆಯನ್ನು ನಾವು ನಿಖರವಾಗಿ ಸರಿಸಿದ್ದೇವೆ, ಆದರೆ ಸರಿಸಬಾರದಷ್ಟು ಸರಿಸಿದ್ದೇವೆ. ‘ಹಾಗಾದರೆ ಹೆಚ್ಚೆಂದರೆ ಎಷ್ಟು ಸರಿಸಬಹುದು?’ ಗಾರೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಐದೂಮುಕ್ಕಾಲು ಇಂಚು ಎಂದು ಬರುತ್ತದೆ. ಟೈಲ್ಸಿನ ದಪ್ಪವನ್ನು ಸೇರಿಸಿ ಲೆಕ್ಕ ಹಾಕುವುದನ್ನು ಮನೆಗೆಲಸಕ್ಕೆ ಬಿಡಬಹುದು. ಮೇಲಿನ ಮಹಡಿಯ ಗೋಡೆ ಅಥವಾ ತೊಲೆ ಈ ಗೋಡೆಯ ಮೇಲೆ ಕುಳಿತಿದೆಯೇ ಎಂಬುದೂ ನಕ್ಷೆಯ ಗೆರೆಗೆ ಗೊತ್ತಿರುವುದಿಲ್ಲ. ಅದನ್ನು ಎಂಜಿನಿಯರನ್ನೇ ಕೇಳಬೇಕು.

ಮೌಲ್ಯಮಾಪನದ ಬಗ್ಗೆ ಒಂದು ಸಲಹೆ

‘ಮೂವ್ ಕಮಾಂಡಿನ ಹಂತಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಬಾಯಿಪಾಠದವರೂ ಪೂರ್ಣ ಅಂಕ ಪಡೆಯುತ್ತಾರೆ. ಅದರ ಬದಲು ಬೇಕೆಂದೇ ಅಪೂರ್ಣವಾದ ಬೇಡಿಕೆಯೊಂದನ್ನು ಕೊಡಿ: ‘ಅಡುಗೆಮನೆಯನ್ನು ಎಂಟು ಅಡಿ ಮಾಡಿ.’ ಹತ್ತು ಅಂಕಗಳಲ್ಲಿ ನಾಲ್ಕನ್ನು ಕೆಲಸಕ್ಕೆ ಮೊದಲು ವಿದ್ಯಾರ್ಥಿ ಕೇಳುವ ಪ್ರಶ್ನೆಗಳಿಗೆ ಮೀಸಲಿಡಿ, ಮೂರನ್ನು ಗೋಡೆ ಸರಿಸುವುದಕ್ಕೆ, ಮೂರನ್ನು ತಾಳೆ ನೋಡುವುದಕ್ಕೆ. ಪರಿಶೀಲನೆಗೆ ಹೋಗುವ ಅಧ್ಯಾಪಕರೂ ಪರದೆಯನ್ನು ನೋಡುವ ಮೊದಲು ವಿದ್ಯಾರ್ಥಿ ಯಾವ ಮುಖದಿಂದ ಅಳೆದಿದ್ದಾನೆ ಎಂದು ಕೇಳಲಿ. ತಂತ್ರಾಂಶಗಳು ಬದಲಾಗುತ್ತವೆ, ಕಮಾಂಡ್‌ಗಳ ಹೆಸರೂ ಬದಲಾಗುತ್ತವೆ. ನಾಳೆ ಈ ವಿದ್ಯಾರ್ಥಿ ಯಾವ ಕಚೇರಿಯಲ್ಲಿ ಯಾವ ತಂತ್ರಾಂಶದ ಮುಂದೆ ಕುಳಿತರೂ, ಕೋಣೆಗೆ ಕೊಟ್ಟ ಆರು ಇಂಚು ಯಾರಿಂದ ಬಂತು ಎಂದು ಕೇಳಿಕೊಳ್ಳುವ ಅಭ್ಯಾಸವೊಂದು ಉಳಿದರೆ ಪಾಠ ಮುಟ್ಟಿದೆ ಎಂದು ತಿಳಿಯಬಹುದು.